ಸಿ ಡ್ರೈವ್ ಹಿಗ್ಗಿಸೋಕೆ ನನ್ನ ಆಯ್ಕೆ ಜಿಪಾರ್ಟೆಡ್

ನನ್ನ ಲ್ಯಾಪ್‌ಟಾಪಿನದು 1 ಟಿಬಿ ಹಾರ್ಡ್ ಡಿಸ್ಕ್. ಕೊಂಡಾಗಲೇ ಸಿ ಡ್ರೈವಿಗೆ 120 ಜಿಬಿ ಇಟ್ಟು, ಉಳಿದದ್ದನ್ನೆಲ್ಲ ಡಿಗೆ ಹಾಕಿ ಕೊಟ್ಟಿದ್ದರು. ಎರಡೇ ವರ್ಷದಲ್ಲಿ ಸಿ ತುಂಬಿ ಕೆಂಪು ಪಟ್ಟಿ ತೋರಿಸತೊಡಗಿತು. ಡಿಯಲ್ಲಿ ಅರ್ಧ ಜಾಗ ಖಾಲಿ.

ಮೊದಲು ಹೋಗಿದ್ದು ವಿಂಡೋಸ್‌ನಲ್ಲೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ. ಡಿಯನ್ನು 100 ಜಿಬಿ ಕುಗ್ಗಿಸಿದೆ, ನಿಮಿಷದಲ್ಲಿ ಆಯಿತು. ಸಿ ಮೇಲೆ ರೈಟ್ ಕ್ಲಿಕ್ ಮಾಡಿದರೆ 'ಎಕ್ಸ್‌ಟೆಂಡ್ ವಾಲ್ಯೂಮ್' ಮಂಕಾಗಿದೆ, ಒತ್ತಲು ಬರುವುದಿಲ್ಲ. ರೀಸ್ಟಾರ್ಟ್ ಮಾಡಿದರೂ ಅಷ್ಟೇ. ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಯಿತು.

ಕಾರಣ ಆಮೇಲೆ ತಿಳಿಯಿತು. ಈ ಟೂಲ್ ಡ್ರೈವನ್ನು ಬಲತುದಿಯಿಂದ ಮಾತ್ರ ಕುಗ್ಗಿಸುತ್ತದೆ. ಸಿ ಹಿಗ್ಗಬೇಕಾದರೆ ಖಾಲಿ ಜಾಗ ಅದರ ಬಲಕ್ಕೆ ಅಂಟಿಕೊಂಡೇ ಇರಬೇಕು. ನನಗೆ ಬೇಕಿದ್ದದ್ದು ಬದುವಿನ ಪಕ್ಕದ ಜಾಗ, ಸಿಕ್ಕಿದ್ದು ಡಿಯ ಹೊಲ ದಾಟಿ ಆಚೆ ತುದಿಯಲ್ಲಿ! ಇದರಲ್ಲೇ ಮುಗಿಸಬೇಕೆಂದರೆ ಡಿಯನ್ನು ಅಳಿಸಬೇಕು. ಅದರಲ್ಲಿದ್ದದ್ದು ಮಗಳ ಫೋಟೋಗಳೂ ಸೇರಿ 380 ಜಿಬಿ.

ಉಚಿತ ಎನ್ನುವ ಇನ್ನೊಂದು ಸಾಫ್ಟ್‌ವೇರ್ ಎಲ್ಲ ಬದಲಾವಣೆ ತೋರಿಸಿ, ಕೊನೆಯ ಬಟನ್ನಿಗೆ ದುಡ್ಡು ಕೇಳಿತು. ಅಲ್ಲಿಗೇ ಬಿಟ್ಟೆ.

ಡಿಸ್ಕಿನ ಭಾಗಗಳನ್ನು ಹಿಗ್ಗಿಸುವ, ಕುಗ್ಗಿಸುವ, ಸರಿಸುವ ಸಾಫ್ಟ್‌ವೇರ್ ಜಿಪಾರ್ಟೆಡ್ ನಿಜಕ್ಕೂ ಉಚಿತ. ಹಳೇ ಪೆನ್‌ಡ್ರೈವ್‌ಗೆ ಹಾಕಿ, ವಿಂಡೋಸ್ ಬದಲು ಅದರಿಂದಲೇ ಲ್ಯಾಪ್‌ಟಾಪ್ ಶುರು (ಬೂಟ್) ಮಾಡಿದೆ. ಡಿಯನ್ನೇ ಬಲಕ್ಕೆ ಸರಿಸುತ್ತದೆ, ಬೇಕಾದ ಜಾಗ ಸಿ ಪಕ್ಕಕ್ಕೇ ಬರುತ್ತದೆ. 'ಅಪ್ಲೈ' ಒತ್ತುವವರೆಗೆ ಡಿಸ್ಕನ್ನು ಮುಟ್ಟುವುದಿಲ್ಲ ಎಂಬುದೇ ನನಗೆ ದೊಡ್ಡ ಧೈರ್ಯ. ಪೆನ್‌ಡ್ರೈವ್‌ನಿಂದ ಬೂಟ್ ಮಾಡುವ ಮುಂಚೆ ಶಿಫ್ಟ್ ಹಿಡಿದು ವಿಂಡೋಸ್ ಶಟ್‌ಡೌನ್ ಮಾಡಿ. ಮುಂದಿನ ಸಲ ಬೇಗ ಶುರುವಾಗಲೆಂದು ವಿಂಡೋಸ್ ಪೂರ್ತಿ ಮುಚ್ಚದಿರುವ ಫಾಸ್ಟ್ ಸ್ಟಾರ್ಟಪ್‌ನಿಂದ ಅರ್ಧ ನಿದ್ದೆಯಲ್ಲಿರುವ ಡ್ರೈವನ್ನು ಜಿಪಾರ್ಟೆಡ್ ಬದಲಾಯಿಸುವುದಿಲ್ಲ. ಡ್ರೈವಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಪೂರ್ತಿ ತೆಗೆದಿರಬೇಕು.

ಸರಿಸುವುದು ನಿಧಾನ, ಏಕೆಂದರೆ ಡ್ರೈವಿನ ಖಾಲಿ ಭಾಗವನ್ನೂ ಸೇರಿಸಿಯೇ ನಕಲು ಮಾಡುತ್ತದೆ. ಹಾಗಾಗಿ ಡಿಯನ್ನು ಮೊದಲು 420 ಜಿಬಿಗೆ ಕುಗ್ಗಿಸಿ, 100 ಜಿಬಿ ಬಲಕ್ಕೆ ಸರಿಸಿ, ಆಮೇಲೆ ಡಿಸ್ಕಿನ ಕೊನೆಯವರೆಗೆ ಹಿಗ್ಗಿಸಿ, ಎಡಕ್ಕೆ ತೆರವಾದ ಜಾಗವನ್ನು ಸಿಗೆ ಸೇರಿಸಿದೆ. ರಾತ್ರಿ ಒಂಬತ್ತಕ್ಕೆ ಶುರುಮಾಡಿದ್ದು ಬೆಳಗಿನ ಜಾವ ಮುಗಿಯಿತು.

ಹೊಸ ಡಿಸ್ಕಿನಲ್ಲಿ ಮೊದಲ ಸಲ ಭಾಗ ಮಾಡುವವರಿಗೆ ಡಿಸ್ಕ್ ಮ್ಯಾನೇಜ್‌ಮೆಂಟ್ ಸಾಕು. ತುಂಬಿದ ಡಿಸ್ಕಿಗೆ ನಾನು ಜಿಪಾರ್ಟೆಡ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ನನಗೆ ರಾತ್ರಿಯಿಡೀ ಕಾಯುವ ತಾಳ್ಮೆ ಇದೆ, ಸಾಫ್ಟ್‌ವೇರಿಗೆ ಕೊಡಲು ದುಡ್ಡಿಲ್ಲ. ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಲ್ಯಾಪ್‌ಟಾಪಿಗಾದರೆ ಬ್ಯಾಟರಿ ಇದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಫೋಟೋಗಳನ್ನಂತೂ ನಾನು ತಮ್ಮನ ಎಕ್ಸ್‌ಟರ್ನಲ್ ಡಿಸ್ಕಿಗೆ ಮೊದಲೇ ಹಾಕಿಟ್ಟಿದ್ದೆ.