ಫರ್ಗ್ಯುಸನ್ ಟಿಇ-20ಕ್ಕೆ ಪರ್ಕಿನ್ಸ್ ಪಿ-3: ಒಂದು ಡೀಸೆಲ್ ಜೋಡಣೆಯ ವಿಮರ್ಶೆ

ಹಳೆಯ ಟ್ರ್ಯಾಕ್ಟರುಗಳ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸುವ ಜೋಡಣೆಗಳಲ್ಲಿ ನಾನು ಅತ್ಯಂತ ಮೆಚ್ಚಿರುವುದು ಬ್ರಿಟನ್ನಿನ ಫರ್ಗ್ಯುಸನ್ ಟಿಇ-20ಕ್ಕೆ ಹಾಕುವ ಪರ್ಕಿನ್ಸ್ ಪಿ-3 ಎಂಜಿನ್ನನ್ನು. ಕಾವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಈ ಬೂದು ಬಣ್ಣದ ಪುಟ್ಟ ಟ್ರ್ಯಾಕ್ಟರಿನ ಹೈಡ್ರಾಲಿಕ್ ಲಿಫ್ಟ್ (ಎಣ್ಣೆಯ ಒತ್ತಡದಿಂದ ನೇಗಿಲನ್ನು ಎತ್ತಿ ಇಳಿಸುವ ವ್ಯವಸ್ಥೆ) ಅದರ ಕಾಲಕ್ಕೆ ಬಹಳ ಮುಂದಿತ್ತು. ಎಂಜಿನ್ ಮಾತ್ರ ಅಷ್ಟು ಮುಂದಿರಲಿಲ್ಲ. ಸೀಮೆಎಣ್ಣೆಯಂಥ ಅಗ್ಗದ ಇಂಧನದಲ್ಲಿ ಓಡುವ ಮಾದರಿಯನ್ನು ಮೊದಲು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಇಂಧನ ಬದಲಿಸಬೇಕಿತ್ತು. ಹಗುರ ಕೆಲಸದಲ್ಲಿ ಎಂಜಿನ್ ತಣ್ಣಗಿದ್ದರೆ ಉರಿಯದೆ ಉಳಿದ ಇಂಧನ ಕೆಳಗಿಳಿದು ಆಯಿಲ್ಲನ್ನು ತೆಳುವಾಗಿಸುತ್ತಿತ್ತು. 1951ರಲ್ಲಿ ಕಾರ್ಖಾನೆಯಿಂದಲೇ ಡೀಸೆಲ್ ಮಾದರಿ ಬಂದರೂ, ಚಳಿಯಲ್ಲಿ ಬೇಗ ಚಾಲೂ ಆಗುವುದಿಲ್ಲವೆಂಬ ದೂರು ಅದಕ್ಕೆ ಅಂಟಿಕೊಂಡಿತು.

ಪಿ-3 ಮೂರು ಸಿಲಿಂಡರುಗಳ, ಸುಮಾರು 2.36 ಲೀಟರಿನ ಎಂಜಿನ್. ಬೋರ್ (ಸಿಲಿಂಡರಿನ ಒಳವ್ಯಾಸ) 88.9 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 127 ಮಿ.ಮೀ. ಇದೇ ಅಳತೆಯ ಆರು ಸಿಲಿಂಡರುಗಳ ಪಿ-6 ಫೋರ್ಡ್‌ಸನ್ ಇ27ಎನ್ ಟ್ರ್ಯಾಕ್ಟರಿಗೆ ಕೂರುತ್ತಿತ್ತು. ಪಿ-3 ಅದರ ಸರಿಯಾದ ಅರ್ಧ. ಸ್ಟ್ರೋಕ್ ಉದ್ದವಾಗಿರುವುದರಿಂದ ಕಡಿಮೆ ವೇಗದಲ್ಲೂ ಎಳೆತ ಚೆನ್ನಾಗಿದ್ದು, ಗಟ್ಟಿ ಮಣ್ಣಿನಲ್ಲಿ ನೇಗಿಲು ಆಳಕ್ಕಿಳಿದಾಗ ಪೆಟ್ರೋಲ್ ಎಂಜಿನ್ನಿನಂತೆ ಬೇಗ ಸೋಲುವುದಿಲ್ಲ. ಇದಕ್ಕಾಗಿಯೇ ನಾನು ಈ ಜೋಡಣೆಯ ಪರವಾಗಿದ್ದೇನೆ. ಇನ್ನೊಂದು ಅನುಕೂಲವೆಂದರೆ, ಟಿಇ-20ರ ಹೈಡ್ರಾಲಿಕ್ ಪಂಪ್ ಹಿಂಭಾಗದ ಹೌಸಿಂಗಿನೊಳಗಿದ್ದು ಪಿಟಿಒ ಶಾಫ್ಟಿನಿಂದ (ಉಪಕರಣಗಳಿಗೆ ಎಂಜಿನ್ ಶಕ್ತಿ ಒಯ್ಯುವ ಹಿಂದಿನ ದಂಡ) ತಿರುಗುವುದರಿಂದ, ಎಂಜಿನ್ ಬದಲಾದರೂ ಲಿಫ್ಟಿನ ವ್ಯವಸ್ಥೆಯನ್ನು ಮುಟ್ಟಬೇಕಾಗಿಲ್ಲ.

ಕೊಳ್ಳುವವರು ಎಚ್ಚರ ವಹಿಸಬೇಕಾದದ್ದು ಜೋಡಣೆಯ ಗುಣಮಟ್ಟದ ಬಗ್ಗೆ. ಈ ಟ್ರ್ಯಾಕ್ಟರಿಗೆ ಪ್ರತ್ಯೇಕ ಚಾಸಿ (ಭಾಗಗಳನ್ನು ಹೊರುವ ಚೌಕಟ್ಟು) ಇಲ್ಲ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಒಂದಕ್ಕೊಂದು ಬೋಲ್ಟಿನಿಂದ ಬಿಗಿದುಕೊಂಡು ತಾವೇ ಬೆನ್ನೆಲುಬಾಗಿ ನಿಲ್ಲುತ್ತವೆ. ಹೀಗಾಗಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಹಾಕುವ ಅಡಾಪ್ಟರ್ ಪ್ಲೇಟ್ ಇಡೀ ಟ್ರ್ಯಾಕ್ಟರಿನ ಬಾಗುವ ಒತ್ತಡವನ್ನೂ ಹೊರುತ್ತದೆ. ಎಂಜಿನ್ ಜತೆಗೆ ಕಿಟ್ ಆಗಿ ಬಂದ ಪ್ಲೇಟಿದ್ದರೆ ಒಳ್ಳೆಯದು. ಲೇತಿನಲ್ಲಿ ಯಾರೋ ಅಂದಾಜಿನಿಂದ ಮಾಡಿದ್ದಾದರೆ, ಕ್ಲಚ್ ಶಾಫ್ಟ್ ಮತ್ತು ಫ್ಲೈವೀಲಿನ ಕೇಂದ್ರಗಳು ನೇರವಾಗಿವೆಯೇ ಎಂದು ಡಯಲ್ ಗೇಜಿನಿಂದ (ಸೂಕ್ಷ್ಮ ವ್ಯತ್ಯಾಸ ತೋರಿಸುವ ಮುಳ್ಳಿನ ಮಾಪಕ) ಅಳೆಸದೆ ಹಣ ಕೊಡಬೇಡಿ. ಕೂದಲೆಳೆಯಷ್ಟು ವಾರೆಯಾದರೂ ಬೇರಿಂಗ್ ಮತ್ತು ಕ್ಲಚ್ ಪ್ಲೇಟ್ ಬಹಳ ದಿನ ಬಾಳುವುದಿಲ್ಲ.

ಮುಂಭಾಗದ ಭಾರ ಹೆಚ್ಚಿ ಸ್ಟಿಯರಿಂಗ್ ಗಡುಸಾಗುತ್ತದೆ. ಸದ್ದೂ ಹೆಚ್ಚು. ಎಂಜಿನ್ನಿನ ಶಕ್ತಿ ಸುಮಾರು 32 ಅಶ್ವಶಕ್ತಿಗೆ ಏರಿದರೂ ಗೇರು, ಬ್ರೇಕು, ಆಕ್ಸಲ್ ಹಳೆಯವೇ ಆಗಿರುವುದರಿಂದ, ಶಕ್ತಿ ಇದೆಯೆಂದು ದೊಡ್ಡ ನೇಗಿಲು ಕಟ್ಟುವುದು ಆ ಯಂತ್ರಕ್ಕೆ ಮಾಡುವ ಅನ್ಯಾಯ.

ನಮ್ಮ ರೈತರಿಗೆ ಈ ಎಂಜಿನ್ ತೀರಾ ಅಪರಿಚಿತವಲ್ಲ. 1959ರಲ್ಲಿ ಮ್ಯಾಸಿ ಫರ್ಗ್ಯುಸನ್ ಕಂಪನಿ ಪರ್ಕಿನ್ಸನ್ನು ಕೊಂಡಿತು. ನಮ್ಮ ಹೊಲಗಳಲ್ಲಿ ದುಡಿಯುವ ಮ್ಯಾಸಿ 1035ರ ಮೂರು ಸಿಲಿಂಡರಿನ ಎಂಜಿನ್, ಚೆನ್ನೈನ ಸಿಂಪ್ಸನ್ ಕಂಪನಿಯದಾದರೂ, ಅದೇ ಪರ್ಕಿನ್ಸ್ ವಂಶದ್ದು. ಆದರೆ ಹೆಸರು ಹತ್ತಿರವಿದೆಯೆಂದು ಬಿಡಿಭಾಗಗಳನ್ನು ಬೆರೆಸುವಂತಿಲ್ಲ. ಪಿ-3ರ ನಂತರ ಬಂದ ಎ3.152 ಎಂಜಿನ್ನಿನ ಬೋರ್ 91.4 ಮಿ.ಮೀ. ಇರುವುದರಿಂದ ಅದರ ಪಿಸ್ಟನ್, ರಿಂಗುಗಳು ಇದಕ್ಕೆ ಹೊಂದುವುದಿಲ್ಲ.

ವಸ್ತುಸಂಗ್ರಹಕ್ಕಾಗಿ ಟ್ರ್ಯಾಕ್ಟರ್ ಇಡುವವರಿಗೆ ಮೂಲ ಎಂಜಿನ್ನೇ ಸರಿ. ಹೊಲಕ್ಕಿಳಿಸಿ ಉಳುವ ಮನಸ್ಸಿರುವವರು, ಅಡಾಪ್ಟರ್ ಪ್ಲೇಟ್ ಮತ್ತು ಡೀಸೆಲ್ ಪಂಪನ್ನು ಪರೀಕ್ಷಿಸಿಕೊಂಡು, ಪಿ-3 ಕೂರಿಸಿದ ಟಿಇ-20ನ್ನು ಧೈರ್ಯವಾಗಿ ಕೊಳ್ಳಬಹುದು.