ಪ್ರಾಜೆಕ್ಟ್ ಸೂಪರ್‌ಪವರ್ಸ್: ಜಾತ್ರೆ ಜೋರು, ಕಥೆ ತೆಳು

1940ರ ದಶಕದ, ಹಕ್ಕುಸ್ವಾಮ್ಯ ತಪ್ಪಿಹೋದ ಸೂಪರ್‌ಹೀರೋಗಳನ್ನು ಅಮೆರಿಕದ ಪ್ರಕಾಶನ ಸಂಸ್ಥೆ ಡೈನಮೈಟ್ 2008ರಲ್ಲಿ ಈ ಕಾಮಿಕ್ಸ್ ಸರಣಿಯಲ್ಲಿ ಮತ್ತೆ ಎಬ್ಬಿಸಿತು. ಉಪಾಯವೇನೋ ಚೆನ್ನಾಗಿದೆ: ಲೋಕದ ಕೇಡು ತೊಲಗೀತೆಂದು ನಂಬಿ ಫೈಟಿಂಗ್ ಯಾಂಕ್ ಎಂಬ ಹೀರೋ ತನ್ನ ಜೊತೆಗಾರರನ್ನೇ ಪಂಡೋರಾಳ ಪಾತ್ರೆಯಲ್ಲಿ (ಗ್ರೀಕ್ ಪುರಾಣದಲ್ಲಿ ಲೋಕದ ಕೇಡೆಲ್ಲ ಹೊರಬಿದ್ದದ್ದು ಇದರಿಂದಲೇ) ಕೂಡಿಹಾಕಿದ್ದಾನೆ, ಮುದುಕನಾದ ಮೇಲೆ ಹೊರಬಿಡುತ್ತಾನೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಬ್ಲ್ಯಾಕ್ ಟೆರರ್, ಗ್ರೀನ್ ಲಾಮಾ, ಪೈರೋಮ್ಯಾನ್, ಸ್ಯಾಮ್ಸನ್ ಎಂದು ದಂಡೇ ಬರುತ್ತದೆ. ಒಬ್ಬೊಬ್ಬರಿಗೆ ಎರಡು ಮಾತು, ಒಂದು ಭಂಗಿ, ಅಷ್ಟೇ. ಹೊಸಬರಿಗೆ ಯಾರು ಯಾರೆಂದೇ ತಿಳಿಯದು. ಹಳೆಯ ಹೀರೋಗಳಲ್ಲೊಬ್ಬ ಡೇರ್‌ಡೆವಿಲ್; ಆ ಹೆಸರು ಇನ್ನೊಂದು ಕಾಮಿಕ್ಸ್ ಸಂಸ್ಥೆ ಮಾರ್ವೆಲ್ ಪಾಲಾದ್ದರಿಂದ ಇಲ್ಲಿ ಅವನು ‘ಡೆತ್-ಡಿಫೈಯಿಂಗ್ ಡೆವಿಲ್’. ಬಾಯಿ ಬಿಡದ ಅವನೇ ನೆನಪಲ್ಲಿ ಉಳಿಯುವುದು ತಮಾಷೆ! ಚಿತ್ರಕಾರ ಅಲೆಕ್ಸ್ ರಾಸ್ ಬಿಡಿಸಿದ ಮುಖಪುಟ ನೋಡಿ ಮರುಳಾಗಬೇಡಿ, ಒಳಪುಟದ ಚಿತ್ರಗಳು ಬೇರೆಯವರವು. ಓದಲೇಬೇಕೆಂದರೆ 0ನೇ ಸಂಚಿಕೆಯಿಂದ ಹಿಡಿಯಿರಿ. 1ರಿಂದ ಶುರುಮಾಡಿದರೆ ತಲೆಬುಡ ಸಿಗುವುದಿಲ್ಲ.