ಚುಕ್ಕಾಣಿಗೆ ಗಾಳಿಯೋ, ಬ್ಯಾಟರಿಯೋ?

ಕೊಚ್ಚಿಯಿಂದ ಸೇಶೆಲ್ಸ್‌ನ ಮಾಹೆ ದ್ವೀಪಕ್ಕೆ ಸುಮಾರು 1,500 ನಾಟಿಕಲ್ ಮೈಲಿ. ಕಾರವಾರದ ಗೆಳೆಯರೊಬ್ಬರ 34 ಅಡಿ ಹಾಯಿದೋಣಿಯಲ್ಲಿ ನಾವಿಬ್ಬರೇ ಜನವರಿಯ ಕೊನೆಗೆ ಹೊರಟು, 18 ದಿನಕ್ಕೆ ಮುಟ್ಟಿದೆವು. ನಾನು ಕೆ.ಆರ್.ಎಸ್. ಹಿನ್ನೀರಿನಲ್ಲಿ ಹಾಯಿ ಕಲಿತ ಮೈಸೂರಿನವನು. ಅಲ್ಲಿ ಎರಡು ಗಂಟೆ ಚುಕ್ಕಾಣಿ ಹಿಡಿದರೆ ಮನೆಗೆ ಬಂದು ಊಟ ಮಾಡಬಹುದು. ಸಮುದ್ರದಲ್ಲಿ ಇಬ್ಬರೇ ಹಗಲು ರಾತ್ರಿ ಹಿಡಿದು ಕೂತರೆ ಮೂರನೆಯ ದಿನಕ್ಕೆ ಕಣ್ಣು ಸೋಲುತ್ತದೆ, ತಪ್ಪುಗಳು ಅಲ್ಲಿಂದ ಶುರು. ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲೇಬೇಕು. ದೋಣಿಯಲ್ಲಿ ಎರಡು ಬಗೆಯವೂ ಇದ್ದವು. ಬೇಕೆಂದೇ ಎರಡನ್ನೂ ಸರದಿಯ ಮೇಲೆ ಬಳಸಿದೆವು.

ಮೊದಲನೆಯದು ವಿದ್ಯುತ್ ಆಟೊಪೈಲಟ್. ದಿಕ್ಸೂಚಿ ನೋಡಿಕೊಂಡು, ಒಂದು ಪುಟ್ಟ ಮೋಟಾರ್ ತೋಳು ಚುಕ್ಕಾಣಿಯ ಹಿಡಿಯನ್ನು ತಳ್ಳುತ್ತದೆ, ಎಳೆಯುತ್ತದೆ. ಗುಂಡಿ ಒತ್ತಿದರೆ ಆಯಿತು. ಬೆಲೆಯೂ ಇನ್ನೊಂದಕ್ಕಿಂತ ಬಹಳ ಕಡಿಮೆ.

ಎರಡನೆಯದು ವಿಂಡ್‌ವೇನ್. ಹಿಂಬದಿಯಲ್ಲಿ ನಿಲ್ಲಿಸಿದ ತೆಳು ಹಲಗೆಯೊಂದು ಗಾಳಿಗೆ ವಾಲಿದಾಗ, ಕೆಳಗೆ ನೀರಿನಲ್ಲಿರುವ ಹುಟ್ಟು ತುಸು ತಿರುಗುತ್ತದೆ. ಹರಿಯುವ ನೀರು ಆ ಹುಟ್ಟನ್ನು ಪಕ್ಕಕ್ಕೆ ನೂಕುತ್ತದೆ. ಅದಕ್ಕೆ ಕಟ್ಟಿದ ಹಗ್ಗಗಳು ರಾಟೆಗಳ ಮೂಲಕ ಚುಕ್ಕಾಣಿಯನ್ನು ಎಳೆಯುತ್ತವೆ. ಒಂದು ತೊಟ್ಟು ವಿದ್ಯುತ್ ಬೇಡ. ದೋಣಿ ವೇಗ ಹಿಡಿದಷ್ಟೂ ಅದರ ಬಲ ಹೆಚ್ಚುತ್ತದೆ. ಮಂಡ್ಯದ ಕಬ್ಬಿನ ಗಾಡಿಗಳನ್ನು ರಾತ್ರಿ ಹೊತ್ತು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ: ಗಾಡಿಯವನು ತೂಕಡಿಸಿದರೂ ಎತ್ತುಗಳು ನಡೆಯುತ್ತಲೇ ಇರುತ್ತವೆ.

ಆದರೆ ಈ ಎತ್ತಿಗೆ ಗೊತ್ತಿರುವುದು ಗಾಳಿ ಮಾತ್ರ, ದಾರಿಯಲ್ಲ. ಲಕ್ಷದ್ವೀಪದ ಮಿನಿಕಾಯ್ ದ್ವೀಪದ ದಕ್ಷಿಣಕ್ಕೆ ಸಾಗುತ್ತಿದ್ದ ರಾತ್ರಿ ಕಾವಲು ನನ್ನದು. 1885ರಲ್ಲಿ ಕಟ್ಟಿದ ಅಲ್ಲಿನ ದೀಪಸ್ತಂಭದ ಬೆಳಕು ಬಲಗಡೆ ಇರಬೇಕಿತ್ತು. ಕಾಫಿ ಕಾಯಿಸಿ ಮೇಲೆ ಬಂದಾಗ ಅದು ದೋಣಿಯ ಮೂತಿಯ ಹತ್ತಿರಕ್ಕೆ ಸರಿದಿತ್ತು. ಉತ್ತರದ ಗಾಳಿ ಪೂರ್ವಕ್ಕೆ ಹೊರಳಿತ್ತು, ದೋಣಿಯೂ ಅದರ ಜೊತೆಗೇ ಹೊರಳಿತ್ತು. ಕೆನ್ನೆಗೆ ಬಡಿಯುವ ಗಾಳಿ ಮೊದಲಿನಂತೆಯೇ, ಹಾಯಿಯ ಸದ್ದೂ ಮೊದಲಿನಂತೆಯೇ. ಮೈಗೆ ಏನೂ ತಿಳಿಯಲಿಲ್ಲ. ಅಂದಿನಿಂದ ವಿಂಡ್‌ವೇನ್ ಇರುವಾಗ ಹತ್ತು ನಿಮಿಷಕ್ಕೊಮ್ಮೆ ದಿಕ್ಸೂಚಿ ನೋಡುವುದು ನಮ್ಮ ನಿಯಮವಾಯಿತು.

ಆಟೊಪೈಲಟ್‌ಗೆ ಈ ದೋಷವಿಲ್ಲ. ಭೂಮಧ್ಯರೇಖೆಯ ಬಳಿ ಗಾಳಿ ಸತ್ತು ಎರಡು ದಿನ ಎಂಜಿನ್‌ನಲ್ಲಿ ಸಾಗಿದಾಗ ಗೆರೆ ಎಳೆದಂತೆ ನಡೆಸಿದ್ದು ಅದೇ. ವಿಂಡ್‌ವೇನ್‌ನ ಹಲಗೆ ಆಗ ಸುಮ್ಮನೆ ತೂಗಾಡುತ್ತಿತ್ತು. ಆದರೆ ಹಸಿವು! ಸರಾಸರಿ 2 ಆಂಪಿಯರ್ ಎಂದರೆ ದಿನಕ್ಕೆ 48 ಆಂಪಿಯರ್-ಗಂಟೆ. ನಮ್ಮ 150 ವ್ಯಾಟ್ ಸೌರಫಲಕ ಒಳ್ಳೆಯ ಬಿಸಿಲಿನಲ್ಲಿ ಕೊಡುತ್ತಿದ್ದುದೇ 50ರ ಆಸುಪಾಸು. ದೀಪ, ರೇಡಿಯೊ, ಜಿಪಿಎಸ್‌ಗೆ ಉಳಿಯುವುದೇನು? ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಕುಗ್ಗುತ್ತದೆ, ಹಾಗಾಗಿ ಮೋಡದ ದಿನಗಳಲ್ಲಿ ಡೀಸೆಲ್ ಸುಟ್ಟು ಚಾರ್ಜ್ ಮಾಡಿದೆವು.

14ನೆಯ ರಾತ್ರಿ, ವಾಯವ್ಯದ ಬಿರುಮಳೆಯಲ್ಲಿ, ಆಟೊಪೈಲಟ್‌ನ ಮೋಟಾರಿನ ಗುರುಗುಟ್ಟುವ ಸದ್ದು ನಿಂತುಹೋಯಿತು. "ಮೇಷ್ಟ್ರೇ, ಬೇಗ ಬನ್ನಿ, ಚುಕ್ಕಾಣಿ ಹಿಡಿಯಿರಿ" ಎಂದು ಗೆಳೆಯರು ಕೂಗಿದರು. ಬೆಳಿಗ್ಗೆ ಬಿಚ್ಚಿದರೆ ಒಳಗೆ ಉಪ್ಪುನೀರು, ಸರ್ಕ್ಯೂಟ್ ಫಲಕದ ಮೇಲೆ ಹಸಿರು ಕಿಲುಬು. ಪಾಲಿಟೆಕ್ನಿಕ್‌ನಲ್ಲಿ 26 ವರ್ಷ ಮೆಕ್ಯಾನಿಕಲ್ ಪಾಠ ಹೇಳಿದ ನನ್ನ ಕೈಯಲ್ಲಿ ಅದಕ್ಕೆ ಮದ್ದಿರಲಿಲ್ಲ.

ಅದೇ ಮಳೆ ಮರುದಿನ ವಿಂಡ್‌ವೇನ್‌ನ ಹಲಗೆಯನ್ನೂ ಮುರಿಯಿತು. ಮೈಸೂರಿನ ಮಂಡಿ ಮೊಹಲ್ಲಾದ ಬಡಗಿಯೊಬ್ಬರು 4 ಮಿ.ಮೀ. ಮರೈನ್ ಪ್ಲೈವುಡ್‌ನಲ್ಲಿ ಕೊಯ್ದುಕೊಟ್ಟ ಹಲಗೆ ಹಾಸಿಗೆಯಡಿ ಇತ್ತು. ಎರಡು ಬೋಲ್ಟ್, ಹತ್ತು ನಿಮಿಷ, ದೋಣಿ ಮತ್ತೆ ದಾರಿಗೆ ಬಂತು. ನನ್ನ ಮನಸ್ಸು ವಿಂಡ್‌ವೇನ್ ಕಡೆಗೆ ಪೂರ್ತಿ ವಾಲಿದ್ದು ಆ ಹತ್ತು ನಿಮಿಷದಲ್ಲಿ. ನಮ್ಮ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟೋಮಿ ಎರಡನೆಯ ಸ್ಥಾನ ಪಡೆದ 2022ರ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ವಿದ್ಯುತ್ ಆಟೊಪೈಲಟ್‌ಗೆ ಅವಕಾಶವೇ ಇರಲಿಲ್ಲ. ಅವರು 236 ದಿನ ಒಬ್ಬರೇ ಭೂಮಿ ಸುತ್ತಿದ್ದು ವಿಂಡ್‌ವೇನ್ ನಂಬಿ.

ಅದಕ್ಕೂ ಆರೈಕೆ ಬೇಕು. ರಾಟೆಯ ಬಾಯಲ್ಲಿ ಹಗ್ಗ ಒಂದೇ ಕಡೆ ಉಜ್ಜಿ, ಐದನೆಯ ದಿನಕ್ಕೆ ಹೊರಪದರ ನವಿರೆದ್ದು ಒಳಗಿನ ಬಿಳಿ ಎಳೆ ಇಣುಕುತ್ತಿತ್ತು. ಆಮೇಲೆ ದಿನವೂ ಬೆಳಿಗ್ಗೆ ಒಂದು ಗೇಣು ಸರಿಸಿ ಕಟ್ಟಿದೆವು. ಪ್ಲಾಸ್ಟಿಕ್ ಬೇರಿಂಗ್‌ಗೆ ಗ್ರೀಸ್ ಹಚ್ಚಬಾರದು, ಉಪ್ಪು ಅಂಟಿಕೊಳ್ಳುತ್ತದೆ; ಒಂದು ಲೋಟ ಸಿಹಿನೀರಿನಲ್ಲಿ ತೊಳೆದರೆ ಸಾಕು. ಹಾಯಿಗಳ ಸಮತೋಲ ಸರಿಯಿಲ್ಲದಿದ್ದರೆ ವಿಂಡ್‌ವೇನ್ ದೋಣಿಯನ್ನು ನೇರ ನಡೆಸುವುದೂ ಇಲ್ಲ. ಹಾಗಾಗಿ ಹಾಯಿ ಕಟ್ಟುವುದನ್ನು ನಾನು ನಿಜವಾಗಿ ಕಲಿತದ್ದು ಅದರಿಂದಲೇ.

ದೂರದ ಸಮುದ್ರಕ್ಕೆ ಹೊರಡುವವರು ಹಣ ಕೂಡಿಟ್ಟು ಮೊದಲು ವಿಂಡ್‌ವೇನ್ ಹಾಕಿಸಿ, ಗಾಳಿಯಿಲ್ಲದ ದಿನಗಳಿಗೆ ಚಿಕ್ಕ ಆಟೊಪೈಲಟ್ ಒಂದನ್ನು ಇಟ್ಟುಕೊಳ್ಳಿ. ಮಂಡಿ ಮೊಹಲ್ಲಾದ ಬಡಗಿಗೆ ನಾನು ಇನ್ನೆರಡು ಹಲಗೆ ಹೇಳಿದ್ದೇನೆ: ಒಂದು ಮೊದಲಿನ ಅಳತೆಯದು, ಇನ್ನೊಂದು ಮಂದ ಗಾಳಿಗೆಂದು ತುಸು ದೊಡ್ಡದು, 3 ಮಿ.ಮೀ. ದಪ್ಪದ್ದು.